ಮೊದಲ ಕಂತು ಯಾರ ಪಾಲಿಗೆ?

ಮೊದಲು ಹೊಟ್ಟೆ ತುಂಬಲಿ, ಹೊಳೆಯನ್ನು ಆಮೇಲೆ ತೊಳೆಯೋಣ ಎನ್ನುವ ಮಾತು ಬಡ ದೇಶಗಳ ಸಚಿವಾಲಯಗಳಲ್ಲಿ ಐವತ್ತು ವರ್ಷಗಳಿಂದ ಓಡಾಡುತ್ತಿದೆ. 1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನ ವಿಶ್ವಸಂಸ್ಥೆ ಪರಿಸರ ಸಮ್ಮೇಳನದಲ್ಲಿ ಇಂದಿರಾ ಗಾಂಧಿಯವರು, ಬಡತನ ಮತ್ತು ಕೊರತೆಗಳೇ ಎಲ್ಲಕ್ಕಿಂತ ದೊಡ್ಡ ಮಾಲಿನ್ಯಕಾರಕಗಳಲ್ಲವೇ ಎಂದು ಕೇಳಿದ್ದನ್ನು ಈ ಮಾತಿಗೆ ಸಾಕ್ಷಿಯಾಗಿ ಇಂದಿಗೂ ಎಳೆದು ತರುತ್ತಾರೆ. ಆ ಭಾಷಣವನ್ನು ಪೂರ್ತಿ ಓದಿದರೆ ಪರಿಸರವನ್ನು ಮುಂದೂಡಿ ಎಂಬ ಸಲಹೆ ಅದರಲ್ಲಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಡಿ ಎಂಬ ಎಚ್ಚರಿಕೆಯಿದೆ. ಇನ್ನೊಂದು ದಡದಲ್ಲಿ, ಹೊಟ್ಟೆ ಮೊದಲು ಎನ್ನುವ ಮಾತಿಗೆ ತದ್ವಿರುದ್ಧವಾದ ನಂಬಿಕೆ. ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಡ್‌ಲ್ಯಾಂಡ್ ನೇತೃತ್ವದ ಆಯೋಗ 1987ರಲ್ಲಿ ಸುಸ್ಥಿರ ಅಭಿವೃದ್ಧಿ ಎಂಬ ಪದವನ್ನು ಜನಪ್ರಿಯಗೊಳಿಸಿದ ಮೇಲೆ, ಹಸಿರಾದ ದೇಶ ತಾನಾಗಿಯೇ ಪೈಪೋಟಿಯಲ್ಲಿ ಮುಂದಿರುತ್ತದೆ ಎಂದು ಶ್ರೀಮಂತ ದೇಶಗಳ ಸಲಹೆಗಾರರು ಹೇಳುತ್ತ ಬಂದರು. ಎರಡೂ ವಾದಗಳಲ್ಲಿ ಒಂದು ಲೆಕ್ಕ ಬಿಟ್ಟುಹೋಗಿದೆ. ಕೊಳಕು ಯಂತ್ರದಿಂದ ಶುದ್ಧ ಯಂತ್ರಕ್ಕೆ ಹೋಗುವಾಗ ಮೊದಲ ಕೆಲವು ವರ್ಷ ಖರ್ಚು ಹೆಚ್ಚು, ಆದಾಯ ಕಡಿಮೆ. ಕೆಲಸ ಕಲಿಯುವ ಕಾಲ ಅದು. ಆ ಮೊದಲ ಕಂತನ್ನು ಕಟ್ಟಲು ಯಾರಾದರೂ ಇದ್ದ ಕಡೆ ಕಟ್ಟುನಿಟ್ಟಿನ ನಿಯಮ ಪೈಪೋಟಿಯ ಬಲವಾಗಿದೆ. ಯಾರೂ ಇಲ್ಲದ ಕಡೆ ಅದೇ ನಿಯಮ ಬಾಗಿಲಿಗೆ ಅಡ್ಡ ಹಾಕಿದ ಗೋಡೆಯಾಗಿದೆ. ಶ್ರೀಮಂತ ದೇಶ ಮತ್ತು ಬಡ ದೇಶಗಳ ನಡುವೆ ಪರಿಸರ ಪ್ರೀತಿಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ, ಕಂತು ಕಟ್ಟುವವರಲ್ಲಿದೆ. ಕಳೆದ ಅರ್ಧ ಶತಮಾನದ ಪುರಾವೆಗಳನ್ನು ಈ ಕಣ್ಣಿನಿಂದ ನೋಡಬೇಕು ಎನ್ನುವುದು ನನ್ನ ವಾದ.

ದೇಶವೊಂದು ಇನ್ನೊಂದು ದೇಶದೊಡನೆ ಪೈಪೋಟಿ ಮಾಡುತ್ತದೆ ಎಂದರೆ ಏನರ್ಥ ಎಂಬುದೇ ಮೊದಲು ಇತ್ಯರ್ಥವಾಗಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ 1994ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ದೇಶಗಳು ಕೋಕ್ ಮತ್ತು ಪೆಪ್ಸಿಗಳ ಹಾಗಲ್ಲ, ಪೈಪೋಟಿಯ ಗೀಳು ಅಪಾಯಕಾರಿ ಎಂದು ವಾದಿಸಿದರು. ಜನರ ಜೀವನಮಟ್ಟವನ್ನು ನಿರ್ಧರಿಸುವುದು ದೇಶದೊಳಗಿನ ಉತ್ಪಾದಕತೆ. ಪಕ್ಕದ ದೇಶ ಉದ್ಧಾರವಾದರೆ ನಮಗೆ ನಷ್ಟವೇನಿಲ್ಲ ಎಂಬುದು ಅವರ ತರ್ಕ. ದೊಡ್ಡ ಒಳಮಾರುಕಟ್ಟೆಯಿರುವ, ತನ್ನದೇ ನೋಟಿನಿಂದ ಜಗತ್ತಿನ ಸಾಲ ತೀರಿಸಬಲ್ಲ ಅಮೆರಿಕಕ್ಕೆ ಈ ಮಾತು ಸರಿ. ಡೀಸೆಲ್, ಔಷಧ, ಗೊಬ್ಬರಗಳನ್ನು ಡಾಲರ್ ಕೊಟ್ಟು ತರಿಸಬೇಕಾದ ಸಣ್ಣ ದೇಶಕ್ಕೆ ಮಾತ್ರ ರಫ್ತು ಎಂದರೆ ಉಸಿರು. ಹಾಗಾಗಿ ಪೈಪೋಟಿ ಸಾಮರ್ಥ್ಯ ಎಂಬ ಪದ ಬಡ ದೇಶದಲ್ಲಿ ಹೆಚ್ಚು ನಿಜ. ಅದನ್ನು ಅಳೆಯುವ ಕೋಲುಗಳ ಬಗ್ಗೆ ಮಾತ್ರ ಅನುಮಾನವಿರಬೇಕು. ವಿಶ್ವ ಆರ್ಥಿಕ ವೇದಿಕೆಯ 2019ರ ಸೂಚ್ಯಂಕದಲ್ಲಿ ಸಿಂಗಪುರ ಮೊದಲನೆಯದು, ಭಾರತ 68ನೆಯದು. ವಿಶ್ವಬ್ಯಾಂಕಿನ ‘ಸುಲಲಿತ ವ್ಯವಹಾರ’ ಪಟ್ಟಿಯಲ್ಲಿ ಭಾರತ ಕೆಲವೇ ವರ್ಷಗಳಲ್ಲಿ 142ರಿಂದ 63ಕ್ಕೆ ಜಿಗಿದಾಗ ಸಂಭ್ರಮವೋ ಸಂಭ್ರಮ. ಬೇರೆ ಕೆಲವು ದೇಶಗಳ ಅಂಕಿಗಳನ್ನು ತಿದ್ದಲಾಗಿತ್ತು ಎಂಬುದು ಬಯಲಾಗಿ 2021ರ ಸೆಪ್ಟೆಂಬರ್‌ನಲ್ಲಿ ಆ ಪಟ್ಟಿಯನ್ನೇ ಬ್ಯಾಂಕು ಕೈಬಿಟ್ಟಿತು. ಪರಿಸರದ ಪಟ್ಟಿಗಳ ಹಣೆಬರಹವೂ ಇದಕ್ಕಿಂತ ಭಿನ್ನವಲ್ಲ. ಯೇಲ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಡೆನ್ಮಾರ್ಕನ್ನು ಮೊದಲ ಸ್ಥಾನದಲ್ಲೂ ಭಾರತವನ್ನು 180 ದೇಶಗಳಲ್ಲಿ ಕಟ್ಟಕಡೆಯಲ್ಲೂ ಇಟ್ಟಾಗ ನಮ್ಮ ಪರಿಸರ ಸಚಿವಾಲಯ ಲೆಕ್ಕದ ವಿಧಾನವನ್ನೇ ಪ್ರಶ್ನಿಸಿತು. ದೆಹಲಿಯ ಗಾಳಿಯನ್ನು ನೋಡಿದರೆ ಆ ಪಟ್ಟಿ ಪೂರ್ತಿ ಸುಳ್ಳೆನ್ನಲಾಗದು. ಆದರೆ ತಲೆಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಡುವ ದೇಶ, 14 ಟನ್ ಬಿಡುವ ಅಮೆರಿಕಕ್ಕಿಂತ ಬಹಳ ಕೆಳಗೆ ಬರುವ ಪಟ್ಟಿಯಲ್ಲಿ ಎಲ್ಲೋ ಐಬಿದೆ ಎಂಬ ಸಂಶಯವೂ ಸಹಜವೇ.

‘ಮೊದಲು ಬೆಳೆಯೋಣ’ ಎನ್ನುವವರ ಕೈಯಲ್ಲಿ ಒಂದು ಗೆರೆಯಿದೆ. ಜೀನ್ ಗ್ರಾಸ್‌ಮನ್ ಮತ್ತು ಆಲನ್ ಕ್ರೂಗರ್ 1991ರಲ್ಲಿ ಹಲವು ದೇಶಗಳ ನಗರಗಳ ಗಾಳಿಯ ಅಂಕಿ ಇಟ್ಟುಕೊಂಡು ತೋರಿಸಿದ್ದು ಇಷ್ಟು: ಆದಾಯ ಏರುತ್ತಿದ್ದಂತೆ ಗಂಧಕದ ಡೈಆಕ್ಸೈಡ್ ಮತ್ತು ಹೊಗೆ ಮೊದಲು ಹೆಚ್ಚುತ್ತವೆ, ತಲಾ ಆದಾಯ ಅಂದಿನ ಲೆಕ್ಕದಲ್ಲಿ 4-5 ಸಾವಿರ ಡಾಲರ್ ಮುಟ್ಟಿದ ಮೇಲೆ ಇಳಿಯತೊಡಗುತ್ತವೆ. ಕವುಚಿಟ್ಟ ಬಟ್ಟಲಿನ ಆಕಾರದ ಈ ಗೆರೆಗೆ ಆಮೇಲೆ ಪರಿಸರದ ಕುಜ್ನೆಟ್ಸ್ ರೇಖೆ ಎಂದು ಹೆಸರಾಯಿತು. ಗೆರೆ ಸುಳ್ಳಲ್ಲ, ಅದನ್ನು ಓದುವ ರೀತಿ ತಪ್ಪು. ಲಂಡನ್ನಿನ ಹೊಗೆ ತಾನಾಗಿ ತಿಳಿಯಾಗಲಿಲ್ಲ. 1952ರ ಡಿಸೆಂಬರ್‌ನಲ್ಲಿ ಸಾವಿರಾರು ಜನ ಸತ್ತ ಮೇಲೆ 1956ರ ಕಾಯ್ದೆ ಬಂತು. ಮಿನಮಾಟದ ಪಾದರಸ ಮತ್ತು ಯೊಕ್ಕಾಯಿಚಿಯ ಉಬ್ಬಸದ ನಂತರವೇ ಜಪಾನಿನ ಸಂಸತ್ತು 1970ರ ಒಂದೇ ಅಧಿವೇಶನದಲ್ಲಿ ಮಾಲಿನ್ಯದ ಸಾಲುಸಾಲು ಕಾಯ್ದೆಗಳನ್ನು ಮಾಡಿದ್ದು. ಆದಾಯ ಅಲ್ಲಿ ಕಂತು ಕಟ್ಟುವ ಶಕ್ತಿ ಕೊಟ್ಟಿತು, ಕಟ್ಟಿಸಿದ್ದು ಸತ್ತವರ ಸಂಬಂಧಿಕರ ಕೂಗು ಮತ್ತು ನ್ಯಾಯಾಲಯ. ಅದೂ ಅಲ್ಲದೆ ಈ ಗೆರೆ ಕಣ್ಣಿಗೆ ಕಾಣುವ, ಊರಿನವರ ಗಂಟಲಿಗೆ ಇಳಿಯುವ ಮಾಲಿನ್ಯಕ್ಕಷ್ಟೇ ಚೆನ್ನಾಗಿ ಒಪ್ಪುತ್ತದೆ. ದೂರದವರ ಮೇಲೆ, ಮುಂದಿನವರ ಮೇಲೆ ಬೀಳುವ ಇಂಗಾಲದ ವಿಷಯದಲ್ಲಿ ಆದಾಯದ ಜೊತೆ ಹೊರೆಯೂ ಬಹಳ ಕಾಲ ಏರುತ್ತಲೇ ಹೋಗಿದೆ.

ಎದುರು ಪಕ್ಷದ ಸಿದ್ಧಾಂತ ಹಾರ್ವರ್ಡ್‌ನ ಮೈಕಲ್ ಪೋರ್ಟರ್ ಅವರದು. ಸರಿಯಾಗಿ ರೂಪಿಸಿದ ಕಠಿಣ ನಿಯಮ ಕಂಪನಿಗಳನ್ನು ಹೊಸದಾಗಿ ಯೋಚಿಸಲು ದೂಡುತ್ತದೆ, ಆ ಹೊಸತನ ಖರ್ಚನ್ನು ಮೀರಿದ ಲಾಭ ತರುತ್ತದೆ ಎಂದು 1990ರ ದಶಕದಲ್ಲಿ ಅವರು ಹೇಳಿದರು. ಇದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ. ಅಮೆರಿಕ 1970ರಲ್ಲಿ ಕಾರಿನ ಹೊಗೆಗೆ ಬಿಗಿ ಮಿತಿ ಹಾಕಿದಾಗ ಅಲ್ಲಿನ ದೈತ್ಯ ಕಂಪನಿಗಳು ಆಗದ ಕೆಲಸವೆಂದು ಗೊಣಗಿದವು. ಜಪಾನಿನ ಹೋಂಡಾ 1972ರಲ್ಲಿ ಸಿವಿಸಿಸಿ ಎಂಜಿನ್ ಪ್ರಕಟಿಸಿ ಆ ಮಿತಿಯನ್ನು ದಾಟಿತು. 1973ರ ತೈಲ ಬಿಕ್ಕಟ್ಟಿನ ವೇಳೆಗೆ ಶೇ 90ಕ್ಕೂ ಹೆಚ್ಚು ಶಕ್ತಿಗೆ ಆಮದು ತೈಲವನ್ನೇ ನಂಬಿದ್ದ ಡೆನ್ಮಾರ್ಕ್ ಇಂದು ತನ್ನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದ ತೆಗೆಯುತ್ತದೆ. ಕೃಷಿ ಯಂತ್ರಗಳನ್ನು ಮಾಡುತ್ತಿದ್ದ ವೆಸ್ಟಾಸ್ ಗಾಳಿಯಂತ್ರದ ಜಾಗತಿಕ ಹೆಸರಾಯಿತು. ಸ್ವೀಡನ್ 1991ರಲ್ಲಿ ಇಂಗಾಲ ತೆರಿಗೆ ಹಾಕಿತು, ಅದರ ಹೊಗೆ ಮೂರನೇ ಒಂದರಷ್ಟು ಇಳಿಯಿತು, ಆರ್ಥಿಕತೆ ಬೆಳೆಯುತ್ತಲೇ ಹೋಯಿತು. ಇಲ್ಲಿಯವರೆಗೆ ಪೋರ್ಟರ್ ಸರಿ. ಆದರೆ ಈ ಕಥೆಗಳ ಹಿಂಬದಿ ಪುಟಗಳನ್ನು ತಿರುವಿದರೆ ಪ್ರತಿಯೊಂದರಲ್ಲೂ ರಿಯಾಯಿತಿಯ ಚೀಟಿ ಸಿಗುತ್ತದೆ. ಸ್ವೀಡನ್ ತನ್ನ ಕಾರ್ಖಾನೆಗಳಿಗೆ ಬಹುಕಾಲ ಕಡಿಮೆ ದರ ಇಟ್ಟಿತ್ತು. ಮನೆಗಳಿಗೂ ಕಾರ್ಖಾನೆಗಳಿಗೂ ಒಂದೇ ದರವಾದದ್ದು 2018ರಲ್ಲಿ. ಜರ್ಮನಿ 2000ದ ಕಾಯ್ದೆಯ ಮೂಲಕ ಸೌರ ಮತ್ತು ಪವನ ವಿದ್ಯುತ್ತಿಗೆ 20 ವರ್ಷಗಳ ಖಾತರಿ ಬೆಲೆ ಕೊಟ್ಟಿತು, ಆ ಹಣವನ್ನು ಗ್ರಾಹಕರ ಬಿಲ್ಲಿನಲ್ಲಿ ವಸೂಲು ಮಾಡಿತು, ವಿದೇಶಿ ಪೈಪೋಟಿಯಲ್ಲಿದ್ದ ಭಾರಿ ಕೈಗಾರಿಕೆಗಳಿಗೆ ಆ ಹೆಚ್ಚುವರಿ ಹೊರೆಯಿಂದ ಬಹುಮಟ್ಟಿನ ವಿನಾಯಿತಿ ಕೊಟ್ಟಿತು. ಹಸಿರಿನ ಕಂತನ್ನು ಕಟ್ಟಿದ್ದು ಜರ್ಮನಿಯ ಗೃಹಿಣಿ, ಉಕ್ಕಿನ ಕಾರ್ಖಾನೆಯಲ್ಲ.

ಕಂತು ಕಟ್ಟಿದವರಿಗೇ ಫಲ ಸಿಗುತ್ತದೆ ಎಂಬ ಖಾತರಿಯೂ ಇಲ್ಲ. 2008ರ ಹೊತ್ತಿಗೆ ಸೌರಕೋಶ ತಯಾರಿಕೆಯಲ್ಲಿ ಜಗತ್ತಿಗೇ ಮೊದಲಿದ್ದ ಜರ್ಮನಿಯ ಕ್ಯೂ-ಸೆಲ್ಸ್ 2012ರಲ್ಲಿ ದಿವಾಳಿಯೆದ್ದು ದಕ್ಷಿಣ ಕೊರಿಯಾದ ಹಾನ್‌ವಾ ಕೈಸೇರಿತು. ಜರ್ಮನಿಯ ಮಾರುಕಟ್ಟೆ, ಚೀನಾದ ಅಗ್ಗದ ಸಾಲ ಮತ್ತು ಭಾರಿ ಗಾತ್ರದ ಕಾರ್ಖಾನೆ, ಇವು ಸೇರಿ ಸೌರ ಫಲಕದ ಬೆಲೆ 2010ರ ದಶಕದಲ್ಲಿ ಶೇ 90ರ ಆಸುಪಾಸು ಕುಸಿಯಿತು. ಇಂದು ತಯಾರಿಕೆಯ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚು. ಇದರ ದೊಡ್ಡ ಫಲಾನುಭವಿ ಭಾರತವೇ. 2010ರ ಕೊನೆಯಲ್ಲಿ ಇಲ್ಲಿ ಸೌರ ವಿದ್ಯುತ್ತಿನ ಯೂನಿಟ್ ಬಿಡ್ ಸುಮಾರು 12 ರೂಪಾಯಿ ಇದ್ದದ್ದು 2020ರ ಡಿಸೆಂಬರ್‌ನ ಗುಜರಾತ್ ಹರಾಜಿನಲ್ಲಿ 1.99ಕ್ಕೆ ಇಳಿಯಿತು. ಒಬ್ಬರು ನೆಟ್ಟ ಮರದ ಹಣ್ಣನ್ನು ಇನ್ನಿಬ್ಬರು ತಿಂದಂತಾಯಿತು. ಜಗತ್ತಿನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ, ಒಂದು ದೇಶದ ಪೈಪೋಟಿಯ ಲೆಕ್ಕದಲ್ಲಿ ಮಾತ್ರ ಕೈಸುಟ್ಟುಕೊಂಡ ವ್ಯವಹಾರ.

ಬಡ ದೇಶಗಳಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ತಿರುಪ್ಪೂರಿಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಭಾರತದ ಹೆಣೆದ ಹತ್ತಿ ಉಡುಪುಗಳ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಒಂದು ಊರಿನದು. ಅದರ ಬನಿಯನ್ನು, ಟಿ-ಶರ್ಟುಗಳ ಬಣ್ಣ ಎರಡು ದಶಕ ನೊಯ್ಯಲ್ ನದಿಗೆ ಇಳಿಯಿತು. ಕೆಳಗಿನ ಊರುಗಳ ನೀರಾವರಿಗೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ಉಪ್ಪುನೀರಿನ ತೊಟ್ಟಿಯಾಯಿತು. ಬಾವಿಗಳು ಕೆಟ್ಟವು, ಹೊಲಗಳು ಚೌಳಾದವು. ಅಂದರೆ ತಿರುಪ್ಪೂರಿನ ಅಗ್ಗದ ಬೆಲೆಯಲ್ಲಿ ಒಂದು ಪಾಲನ್ನು ಕೆಳಗಿನ ರೈತರು ಕಟ್ಟುತ್ತಿದ್ದರು, ಯಾವ ಬಿಲ್ಲಿನಲ್ಲೂ ಅದು ನಮೂದಾಗುತ್ತಿರಲಿಲ್ಲ. ರೈತರ ಸಂಘ ನ್ಯಾಯಾಲಯಕ್ಕೆ ಹೋಯಿತು. ಒಂದು ಹನಿಯೂ ಹೊರಬಿಡಬಾರದು ಎಂಬ ಆದೇಶ ಬಂತು, ಗಡುವುಗಳು ಒಂದರ ಮೇಲೊಂದು ಜಾರಿದವು, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಸುಮಾರು 700 ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಊರು ನಿಂತುಹೋಯಿತು. ಕೂಲಿಕಾರರು ತಮ್ಮ ಊರುಗಳಿಗೆ ಮರಳಿದರು, ಒಂದಷ್ಟು ಬಣ್ಣದ ಕೆಲಸ ಸದ್ದಿಲ್ಲದೆ ಬೇರೆ ಜಿಲ್ಲೆಗಳ ಹೊಳೆದಂಡೆಗೆ ಸರಿಯಿತು. ಮಾಲಿನ್ಯ ನಿಯಂತ್ರಣ ಪೈಪೋಟಿಯನ್ನು ಕೊಲ್ಲುತ್ತದೆ ಎನ್ನುವವರಿಗೆ ಆ ವರ್ಷ ಅದೇ ಪುರಾವೆ.

ಆಮೇಲೆ ನಡೆದದ್ದು ಹೆಚ್ಚು ಮುಖ್ಯ. ತಮಿಳುನಾಡು ಸರ್ಕಾರ ಸಾಮೂಹಿಕ ಸಂಸ್ಕರಣಾ ಘಟಕಗಳಿಗೆ 200 ಕೋಟಿ ರೂಪಾಯಿಯ ಬಡ್ಡಿರಹಿತ ಸಾಲ ಕೊಟ್ಟಿತು. ಘಟಕಗಳು ಪೊರೆಗಳಲ್ಲಿ ಸೋಸಿ, ಉಳಿದ ಉಪ್ಪುನೀರನ್ನು ಕುದಿಸಿ ಆವಿ ಮಾಡಿ, ನೀರಿನ ಬಹುಭಾಗವನ್ನೂ ಉಪ್ಪಿನ ಒಂದು ಪಾಲನ್ನೂ ಮತ್ತೆ ಬಣ್ಣಕ್ಕೇ ಬಳಸಲು ಕಲಿತವು. ಒಬ್ಬೊಬ್ಬ ಸಣ್ಣ ಮಾಲೀಕನ ಕೈಯಲ್ಲಿ ಆಗದ ಯಂತ್ರವನ್ನು ಹತ್ತಾರು ಮಂದಿ ಸೇರಿ ನಡೆಸಿದರು. ರಫ್ತು ಚೇತರಿಸಿ, ಮುಂದಿನ ದಶಕದಲ್ಲಿ ವರ್ಷಕ್ಕೆ 30 ಸಾವಿರ ಕೋಟಿ ದಾಟಿತು. ನೀರಿನ ಕೊರತೆಯ ಊರಿಗೆ ತನ್ನದೇ ಮರುಬಳಕೆಯ ನೀರು ಸಿಕ್ಕಿದ್ದು ಉಪಲಾಭ. ಬಣ್ಣ ಹಾಕಿಸುವ ದರ ಏರಿತು, ಅದನ್ನು ವಿದೇಶಿ ಖರೀದಿದಾರ ಪೂರ್ತಿ ಕೊಡಲಿಲ್ಲ, ಆವಿ ಮಾಡಲು ಸೌದೆ ಸುಡಬೇಕಾಯಿತು, ಗಸಿಯ ರಾಶಿ ಉಳಿಯಿತು. ಎಲ್ಲ ಸರಿಹೋಯಿತೆಂದು ಹೇಳುತ್ತಿಲ್ಲ. ಆದರೆ ಕೊಂದದ್ದೂ ಬದುಕಿಸಿದ್ದೂ ಒಂದೇ ನಿಯಮ ಎಂಬುದನ್ನು ಗಮನಿಸಬೇಕು: 2011ರ ಜನವರಿಗೂ ಆಮೇಲಿನ ವರ್ಷಗಳಿಗೂ ನಡುವೆ ಬದಲಾದದ್ದು ಮಾಲಿನ್ಯದ ಮಿತಿಯಲ್ಲ, ಸಾಲದ ವ್ಯವಸ್ಥೆ.

ಅದೇ ಮಾತನ್ನು ತಲೆಕೆಳಗಾಗಿ ಸಾಬೀತು ಮಾಡಿದ್ದು ಶ್ರೀಲಂಕಾ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಲ್ಲಿಸಿ ಇಡೀ ದೇಶ ಸಾವಯವವಾಗಲಿ ಎಂದು ಸಾರಿತು. ಮೇಲ್ನೋಟಕ್ಕೆ ಸುಸ್ಥಿರತೆಯ ಘೋಷಣೆ. ಒಳಗೆ ಡಾಲರ್ ಉಳಿಸುವ ಹಂಚಿಕೆಯೂ ಇತ್ತು. ಕಾಂಪೋಸ್ಟ್ ಇಲ್ಲ, ತರಬೇತಿ ಇಲ್ಲ, ಹೊಂದಿಕೊಳ್ಳಲು ಒಂದು ಹಂಗಾಮಿನ ಬಿಡುವೂ ಇಲ್ಲ. ಭತ್ತದ ಇಳುವರಿ ಕುಸಿದು ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸಬೇಕಾಯಿತು, ಡಾಲರ್ ತರುತ್ತಿದ್ದ ಚಹಾ ಸೊರಗಿತು. ನವೆಂಬರ್ ಹೊತ್ತಿಗೆ ಆದೇಶ ಹಿಂದೆ ಹೋಯಿತು. ಮರುವರ್ಷ ದೇಶವೇ ಸಾಲ ತೀರಿಸಲಾಗದೆ ಕೈಚೆಲ್ಲಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಮೊದಲ ಕಂತನ್ನು ಪೂರ್ತಿಯಾಗಿ ಎರಡು ಎಕರೆಯ ರೈತನ ತಲೆಗೆ ಕಟ್ಟಿದ ಸುಸ್ಥಿರತೆ ಒಂದು ವರ್ಷವೂ ಬಾಳಲಿಲ್ಲ.

ಇಲ್ಲೊಂದು ಆಕ್ಷೇಪ ಎದ್ದೇ ಏಳುತ್ತದೆ: ಬಡ ದೇಶಗಳ ಕೊರತೆ ಹಣದ್ದಲ್ಲ, ಆಡಳಿತದ್ದು. ಹಣ ಸುರಿದರೂ ಅಧಿಕಾರಿ ಲಂಚಕ್ಕೆ ಕಣ್ಣು ಮುಚ್ಚಿದರೆ ಹೊಳೆ ಹಾಗೇ ಹರಿಯುತ್ತದೆ. ಈ ಆಕ್ಷೇಪಕ್ಕೆ ತೂಕವಿದೆ. ಒಳ್ಳೆಯ ಉತ್ತರವೂ ನಮ್ಮ ನೆಲದಲ್ಲೇ ಸಿಕ್ಕಿದೆ. ಗುಜರಾತಿನಲ್ಲಿ ಕಾರ್ಖಾನೆಯ ಮಾಲಿನ್ಯ ಅಳೆಯುವ ಲೆಕ್ಕಪರಿಶೋಧಕನನ್ನು ಆರಿಸಿ ಸಂಬಳ ಕೊಡುತ್ತಿದ್ದದ್ದು ಆ ಕಾರ್ಖಾನೆಯೇ. ವರದಿಗಳಲ್ಲಿ ಹೊಗೆಯ ಅಂಕಿ ಚಮತ್ಕಾರವೆಂಬಂತೆ ಮಿತಿಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೊಲಸ್ ರಯಾನ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪರಿಶೋಧಕರನ್ನು ಚೀಟಿ ಎತ್ತಿದಂತೆ ಹಂಚಿ, ಸಂಬಳವನ್ನು ಸಾಮಾನ್ಯ ನಿಧಿಯಿಂದ ಕೊಟ್ಟು, ಅವರ ಅಳತೆಯನ್ನು ಆಗಾಗ ಮರುತಪಾಸಣೆ ಮಾಡಲಾಯಿತು. ವರದಿಗಳು ನಿಜದ ಹತ್ತಿರ ಬಂದವು, ಕಾರ್ಖಾನೆಗಳು ಮಾಲಿನ್ಯವನ್ನೂ ಇಳಿಸಿದವು. 2019ರಲ್ಲಿ ಸೂರತ್ತಿನ ಜವಳಿ ಪ್ರದೇಶದಲ್ಲಿ ಹೊಗೆಯ ಕಣಗಳಿಗೆ ಪರವಾನಗಿ ಮಾರುಕಟ್ಟೆ ಶುರುವಾದಾಗ ಕಣಗಳ ಪ್ರಮಾಣ ಶೇ 20ರಿಂದ 30ರಷ್ಟು ತಗ್ಗಿತು. ಆಡಳಿತದ ದುರ್ಬಲತೆ ವಿಧಿಲಿಖಿತವಲ್ಲ ಎಂದಾಯಿತು. ಪ್ರಾಮಾಣಿಕತೆಯನ್ನು ಕೊಂಡುಕೊಳ್ಳಲೂ ಒಂದು ಸಾಮಾನ್ಯ ನಿಧಿ ಬೇಕಾಯಿತು ಎಂಬುದು ನನ್ನ ವಾದಕ್ಕೆ ಸಿಕ್ಕ ಸಣ್ಣ ಉಪಕಾರ.

ಹಣದ ಪ್ರಶ್ನೆಯ ತಿರುಳು ಬಡ್ಡಿ. ಕಲ್ಲಿದ್ದಲ ಸ್ಥಾವರ ವರ್ಷ ವರ್ಷ ಇಂಧನಕ್ಕೆ ದುಡ್ಡು ಕೇಳುತ್ತದೆ. ಸೌರ, ಪವನಗಳು ಇಡೀ ದುಡ್ಡನ್ನು ಮೊದಲ ದಿನವೇ ಕೇಳುತ್ತವೆ. ಆದ್ದರಿಂದ ಶುದ್ಧ ವಿದ್ಯುತ್ತಿನ ಬೆಲೆ ಬಿಸಿಲಿಗಿಂತ ಹೆಚ್ಚಾಗಿ ಸಾಲದ ದರವನ್ನು ಅವಲಂಬಿಸಿದೆ. ಹಿಂದುಳಿದ ಮತ್ತು ಬೆಳೆಯುತ್ತಿರುವ ದೇಶಗಳಲ್ಲಿ ಇಂಥ ಯೋಜನೆಗಳ ಬಂಡವಾಳದ ವೆಚ್ಚ ಶ್ರೀಮಂತ ದೇಶಗಳ ಎರಡು-ಮೂರು ಪಟ್ಟು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಹಾಕಿದೆ. ಜಗತ್ತಿನ ಅತ್ಯುತ್ತಮ ಬಿಸಿಲಿನ ತಾಣಗಳಲ್ಲಿ ಶೇ 60 ಆಫ್ರಿಕಾದಲ್ಲಿದ್ದರೂ ಅಳವಡಿಕೆಯಾದ ಸೌರ ಸಾಮರ್ಥ್ಯದಲ್ಲಿ ಅದರ ಪಾಲು ಶೇ 1ರ ಸುತ್ತಮುತ್ತ ಎಂಬ ಅದೇ ಸಂಸ್ಥೆಯ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಸೂರ್ಯ ಆಫ್ರಿಕಾದಲ್ಲಿ, ಬ್ಯಾಂಕು ಫ್ರಾಂಕ್‌ಫರ್ಟಿನಲ್ಲಿ. 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ, 2020ರ ವೇಳೆಗೆ ವರ್ಷಕ್ಕೆ 100 ಶತಕೋಟಿ ಡಾಲರ್ ಕೊಡುತ್ತೇವೆಂದು ಶ್ರೀಮಂತ ದೇಶಗಳು ಕೊಟ್ಟ ಮಾತು ಈಡೇರಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ. ಕಂತನ್ನು ಕಟ್ಟಲು ಸಾಲ ಕೊಟ್ಟು ಅದನ್ನೇ ನೆರವೆಂದು ಲೆಕ್ಕ ಬರೆಯುವುದು ನಮ್ಮ ಊರಿನ ಲೇವಾದೇವಿಗಾರನಿಗೂ ಹೊಳೆದಿರಲಿಲ್ಲ.

ಬಡ್ಡಿ ತಗ್ಗಿಸುವ ದಾರಿಗಳಲ್ಲಿ ಒಂದು ತುಮಕೂರು ಜಿಲ್ಲೆಯಲ್ಲಿದೆ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ಪಾರ್ಕಿಗೆ ಸರ್ಕಾರ ಜಮೀನನ್ನು ಕಸಿದುಕೊಳ್ಳಲಿಲ್ಲ, ರೈತರಿಂದ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆ ಪಡೆಯಿತು. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ನೆಲ, ತಂತಿ, ಅನುಮತಿಗಳ ಗೋಜು ಸರ್ಕಾರದ ಪಾಲಾದ್ದರಿಂದ ಕಂಪನಿಗಳ ಅಪಾಯ ಇಳಿಯಿತು, ವಿದ್ಯುತ್ತಿನ ದರವೂ ಇಳಿಯಿತು. ಬರಗಾಲದ ಭೂಮಿಗೆ ಬಾಡಿಗೆ ಬಂದದ್ದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಬದುಕುತ್ತಿದ್ದ ಭೂರಹಿತರಿಗೆ ಕೂಲಿಯೂ ಹೋಯಿತು, ಬಾಡಿಗೆಯೂ ಇಲ್ಲ. ಕಂತು ಯಾರದು ಎಂಬ ದೇಶದೇಶಗಳ ನಡುವಿನ ಪ್ರಶ್ನೆ ಒಂದು ಹೋಬಳಿಯೊಳಗೂ ಅಷ್ಟೇ ಖಡಾಖಂಡಿತವಾಗಿ ನಿಂತಿದೆ.

ಈಗ ಈ ವಿಚಾರ ಬಂದರುಗಳ ಬಾಗಿಲಿಗೆ ಬಂದಿದೆ. ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರ, ಹೈಡ್ರೋಜನ್, ವಿದ್ಯುತ್ತುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಗಡಿಯಲ್ಲಿ ಶುಲ್ಕ ಹಾಕುವ ಐರೋಪ್ಯ ಒಕ್ಕೂಟದ ವ್ಯವಸ್ಥೆ 2023ರ ಅಕ್ಟೋಬರ್‌ನಿಂದ ವರದಿಗಷ್ಟೇ ಸೀಮಿತವಾಗಿದ್ದು, 2026ರ ಜನವರಿಯಿಂದ ಹಣದ ರೂಪಕ್ಕೆ ಬಂದಿದೆ. ಒಕ್ಕೂಟದ ವಾದವನ್ನು ನ್ಯಾಯವಾಗಿ ಕೇಳೋಣ: ನಮ್ಮ ಕಾರ್ಖಾನೆ ಇಂಗಾಲಕ್ಕೆ ದುಡ್ಡು ಕೊಡುವಾಗ ಹೊರಗಿನ ಕಾರ್ಖಾನೆ ಪುಕ್ಕಟೆ ಬಿಟ್ಟರೆ ಕೆಲಸ ಅಲ್ಲಿಗೆ ಹೋಗುತ್ತದೆ, ಹೊಗೆ ಮಾತ್ರ ಕಡಿಮೆಯಾಗದು. ತರ್ಕ ಸರಿ. ಯುರೋಪಿನ ಕಾರ್ಖಾನೆಗಳಿಗೆ ಸಿಗುತ್ತಿದ್ದ ಉಚಿತ ಪರವಾನಗಿಗಳು 2034ರವರೆಗೆ ಇಳಿಯುತ್ತ ಹೋದಂತೆ ಮಾತ್ರ ಗಡಿಶುಲ್ಕ ಏರುತ್ತ ಹೋಗುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ಆ ಉಚಿತ ಪರವಾನಗಿಗಳು 2005ರಿಂದ ಇವೆ. ಕಲಿಯಲು ಅವರು ತಮಗೆ ಕೊಟ್ಟುಕೊಂಡ ಕಾಲ ಸುಮಾರು ಮೂವತ್ತು ವರ್ಷ. ಭಾರತದ ಒಂದು ಟನ್ ಉಕ್ಕಿಗೆ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಸರಾಸರಿ 1.9ರ ಹತ್ತಿರ. ಅಮೆರಿಕದ ಉಕ್ಕು ಹಗುರ, ಏಕೆಂದರೆ ಅದರಲ್ಲಿ ಸುಮಾರು ಶೇ 70 ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದ್ದು. ಗುಜರಿ ಎಲ್ಲಿಂದ ಬಂತು? ನೂರು ವರ್ಷ ಕಲ್ಲಿದ್ದಲು ಸುಟ್ಟು ಮಾಡಿದ ಕಾರು, ಸೇತುವೆ, ಕಟ್ಟಡಗಳಿಂದ. ತೋರಣಗಲ್ಲಿನ ಊದುಕುಲುಮೆಗಳು ಬಳ್ಳಾರಿಯ ಅದಿರನ್ನು ಕಲ್ಲಿದ್ದಲಿನಿಂದ ಕರಗಿಸುವುದು ಹಟಕ್ಕಲ್ಲ; ಗುಜರಿಯಾಗುವಷ್ಟು ಹಳೆಯ ಉಕ್ಕು ಈ ದೇಶದಲ್ಲಿ ಇನ್ನೂ ಇಲ್ಲ. ಇಂಗಾಲದ ಇಂದಿನ ಅಳತೆಯಲ್ಲಿ ನಿನ್ನೆಯ ಸಿರಿವಂತಿಕೆ ಪುಣ್ಯವಾಗಿ ಜಮೆಯಾಗುತ್ತದೆ. ಗಡಿಶುಲ್ಕದ ಹಣ ಯುರೋಪಿನ ಬೊಕ್ಕಸಕ್ಕೆ ಹೋಗುವುದರ ಬದಲು ಶುಲ್ಕ ತೆತ್ತ ದೇಶದ ಕುಲುಮೆ ಬದಲಿಸಲು ಮರಳಿದರೆ ನನ್ನ ತಕರಾರು ಮುಕ್ಕಾಲು ಪಾಲು ತೀರುತ್ತದೆ.

ನಿಯಮ ಬರೆಯುವ ಕೈ ಯಾರದು ಎಂಬುದೂ ಮುಖ್ಯವೇ. ದೇಶೀಯ ಸೌರಕೋಶಗಳನ್ನೇ ಬಳಸಬೇಕೆಂಬ ಭಾರತದ ಷರತ್ತಿನ ವಿರುದ್ಧ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2016ರಲ್ಲಿ ಗೆದ್ದಿತು. 2022ರಲ್ಲಿ ಅದೇ ಅಮೆರಿಕದ ಕಾಯ್ದೆ ಸ್ವದೇಶಿ ಸಾಮಗ್ರಿ ಬಳಸಿದವರಿಗೆ ಹೆಚ್ಚಿನ ತೆರಿಗೆ ರಿಯಾಯಿತಿ ಕೊಟ್ಟಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.

ನನ್ನ ವಾದಕ್ಕೆ ತೊಡಕಾಗುವ ಉದಾಹರಣೆಯನ್ನು ಮುಚ್ಚಿಡುವಂತಿಲ್ಲ. ಇಂಡೊನೇಷ್ಯಾ 2020ರಲ್ಲಿ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿ, ಬೇಕಾದವರು ಇಲ್ಲಿಗೇ ಬಂದು ಕರಗಿಸಲಿ ಎಂದಿತು. ಚೀನಾದ ಬಂಡವಾಳ ಬಂತು, ನಿಕ್ಕಲ್ ಉತ್ಪನ್ನಗಳ ರಫ್ತು ಕೆಲವೇ ವರ್ಷಗಳಲ್ಲಿ ಹತ್ತು ಪಟ್ಟಿನಷ್ಟಾಯಿತೆಂದು ಅಲ್ಲಿನ ಸರ್ಕಾರ ಹೇಳುತ್ತದೆ, ಜಗತ್ತಿನ ಗಣಿ ನಿಕ್ಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಆ ದೇಶದ್ದು. ಐರೋಪ್ಯ ಒಕ್ಕೂಟ 2022ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಗೆದ್ದರೆ ಇಂಡೊನೇಷ್ಯಾ ಮೇಲ್ಮನವಿ ಹಾಕಿ ಕೂತಿತು. ಅಮೆರಿಕ ಸದಸ್ಯರ ನೇಮಕವನ್ನು ತಡೆದದ್ದರಿಂದ ಆ ಮೇಲ್ಮನವಿ ಪೀಠ 2019ರ ಕೊನೆಯಿಂದಲೇ ನಿಷ್ಕ್ರಿಯ. ಯಾರೂ ಕಂತು ಕಟ್ಟಿಕೊಡದಿದ್ದಾಗ ಕಟ್ಟದೆಯೇ ಮುಂದೆ ಹೋಗಬಹುದು ಎಂದು ಇಂಡೊನೇಷ್ಯಾದ ನಿಕ್ಕಲ್ ಕುಲುಮೆಗಳ ದ್ವೀಪ ಸುಲವೇಸಿ ತೋರಿಸಿಕೊಟ್ಟಿತು. ಆದರೆ ಆ ಕುಲುಮೆಗಳು ನಡೆಯುವುದು ಪಕ್ಕದಲ್ಲೇ ಕಟ್ಟಿದ ಕಲ್ಲಿದ್ದಲ ಸ್ಥಾವರಗಳಿಂದ. ಯುರೋಪಿನ ಶುದ್ಧ ಕಾರಿನ ಬ್ಯಾಟರಿಗೆ ಸುಲವೇಸಿಯ ಕಾಡು ಉರುಳುತ್ತದೆ, ಕಡಲು ಕೆಂಪಾಗುತ್ತದೆ. ಪೈಪೋಟಿ ಗೆದ್ದಿದೆ. ಕಂತು ಮೀನುಗಾರರ ಹೆಸರಿಗೆ ಬರೆಯಲ್ಪಟ್ಟಿದೆ, ಒರತ್ತುಪಾಳ್ಯಂ ರೈತರಿಗೆ ಆದಂತೆಯೇ.

ಇನ್ನೊಂದು ತುದಿಯಲ್ಲಿ ಕೋಸ್ಟಾರಿಕಾ. ದನದ ಮಾಂಸದ ರಫ್ತಿಗೆಂದು ಕಾಡು ಕಡಿದು 1980ರ ದಶಕದಲ್ಲಿ ಅರಣ್ಯ ನೆಲದ ಕಾಲುಭಾಗದ ಆಸುಪಾಸಿಗೆ ಇಳಿದಿತ್ತು; ಇಂದು ಅರ್ಧಕ್ಕಿಂತ ಹೆಚ್ಚಿದೆ. 1996ರ ಅರಣ್ಯ ಕಾಯ್ದೆ ಕಾಡು ಉಳಿಸಿದ ಭೂಮಾಲೀಕರಿಗೆ ವರ್ಷಾವಧಿ ಹಣ ಕೊಡುವ ವ್ಯವಸ್ಥೆ ಮಾಡಿತು, ದುಡ್ಡನ್ನು ಇಂಧನದ ಮೇಲಿನ ತೆರಿಗೆಯಿಂದ ತೆಗೆಯಿತು. ಕಾಡು ನೋಡಲು ಬರುವ ಪ್ರವಾಸಿಗರೇ ಆ ದೇಶದ ದೊಡ್ಡ ಆದಾಯವಾದರು. ಮಧ್ಯಮ ಆದಾಯದಲ್ಲಿದ್ದಾಗಲೇ, ಹೊರಗಿನವರಿಗೆ ಕಾಯದೆ ತನ್ನ ಕಂತನ್ನು ತಾನೇ ಕಟ್ಟಿದ ದೇಶ ಇದು ಎಂದು ಎಲ್ಲರೂ ಬೆರಳು ತೋರಿಸುತ್ತಾರೆ, ತೋರಿಸಲೇಬೇಕು. 1948ರಲ್ಲೇ ಸೈನ್ಯವನ್ನು ರದ್ದು ಮಾಡಿ ಆ ಹಣವನ್ನು ಶಾಲೆ, ಆಸ್ಪತ್ರೆಗಳಿಗೆ ತಿರುಗಿಸಿದ, ಐವತ್ತು ಲಕ್ಷದಷ್ಟು ಜನರ ದೇಶ ಎಂಬುದನ್ನು ಮಾತ್ರ ಬೆರಳು ತೋರಿಸುವವರು ಮರೆಯುತ್ತಾರೆ. ಅದರ ಅನಾನಸ್ ತೋಟಗಳ ಕೀಟನಾಶಕದ ಕಥೆಯನ್ನೂ.

ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳು ಈ ಜಗಳದ ಮುಂದಿನ ಅಖಾಡ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಅದರ ದೊಡ್ಡ ಗಿರಾಕಿ ಇಟಲಿ, ಜರ್ಮನಿಗಳ ಯುರೋಪು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಲ್ಲ ಎಂದು ಪ್ರತಿ ಚೀಲಕ್ಕೂ ತೋಟದ ಅಕ್ಷಾಂಶ-ರೇಖಾಂಶ ಸಹಿತ ರುಜುವಾತು ಬೇಕೆಂದು ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಸಿದ್ಧತೆ ಸಾಲದೆಂದು ಜಾರಿಯನ್ನು ಒಂದಲ್ಲ, ಎರಡು ಸಲ ಮುಂದೂಡಿತು. ಇಲ್ಲಿನ ಕಾಫಿ ಬೆಳೆಯುವುದೇ ಹಲಸು, ಅತ್ತಿ, ಬೀಟೆ, ಸಿಲ್ವರ್ ಓಕ್‌ಗಳ ನೆರಳಿನಲ್ಲಿ; ಆ ಕಾನೂನು ಉಳಿಸಬೇಕೆನ್ನುವ ಮರಗಳನ್ನು ಈ ತೋಟಗಳು ಕಾನೂನು ಹುಟ್ಟುವ ಮೊದಲೇ ಇಟ್ಟುಕೊಂಡಿವೆ. ಬಿಸಿಲಿಗೆ ಒಡ್ಡಿ ಯಂತ್ರದಿಂದ ಕೊಯ್ಯುವ ಬ್ರೆಜಿಲ್ಲಿನ ತೋಟದೆದುರು ಎಕರೆವಾರು ಇಳುವರಿಯಲ್ಲಿ ಹಿಂದೆ ಬೀಳಲು ಆ ನೆರಳೂ ಒಂದು ಕಾರಣ. ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಇಳಿದಿದೆ. ನೂರಾರು ಎಕರೆಯ ಎಸ್ಟೇಟಿಗೆ ನಕ್ಷೆ ಮಾಡಿಸುವುದು ಒಂದು ದಿನದ ಕೆಲಸ. ಅಣ್ಣತಮ್ಮಂದಿರ ಜಂಟಿ ಪಹಣಿ ಇನ್ನೂ ಪಾಲಾಗದ, ಎರಡೆಕರೆಯ ಫಸಲನ್ನು ಚೆರ್ರಿಯಾಗಿಯೇ ಊರಿನ ವ್ಯಾಪಾರಿಗೆ ಅಳೆದು ಕೊಡುವ ಬೆಳೆಗಾರನ ಚೀಲ, ಕ್ಯೂರಿಂಗ್ ವರ್ಕ್ಸ್‌ನ ಗೋದಾಮಿನಲ್ಲಿ ಹತ್ತು ಜನರ ಚೀಲಗಳೊಡನೆ ಬೆರೆಯುತ್ತದೆ. ಅದನ್ನು ಬೇರೆಯಾಗಿ ಇಡಿಸುವ ಖರ್ಚು ಬೆಲೆಯಲ್ಲಿ ಕಡಿತವಾಗಿ ಯಾರ ಚೀಟಿಗೆ ಬರುತ್ತದೆ ಎಂಬುದನ್ನು ಬ್ರಸೆಲ್ಸ್‌ನ ಕಾನೂನು ಹೇಳುವುದಿಲ್ಲ. ಕೊಯ್ಲು ಮುಗಿದು ಲೆಕ್ಕಕ್ಕೆ ಕೂತಾಗ ವ್ಯಾಪಾರಿ ಹೇಳುತ್ತಾನೆ.